ಶಕುಂತಲಾಬಾಯಿಯ ಮೈಮೇಲೆ ದೇವಿ ಬಂದದ್ದು

ಐವತ್ತೇಳರಲ್ಲಿ ಫ್ಲೂ ಜ್ವರ ಬಸವಕಲ್ಯಾಣಕ್ಕೆ ಬಂದಾಗ ಬಡವ ಬಲ್ಲಿದ ಎನ್ನದೆ ಎಲ್ಲರ ಮನೆಗೂ ನುಗ್ಗಿತು. ಕಿರಾಣಿ ಅಂಗಡಿಯ ಮಹಾರುದ್ರಪ್ಪನೂ ಹಾಸಿಗೆ ಹಿಡಿದ. ಅವನ ತಾಯಿ ಸೂಗಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, "ದೇವಿ ಬಂದಾಳ. ಐದು ದಿನ ಒಗ್ಗರಣಿ ಇಲ್ಲ, ಔಷಧ ಇಲ್ಲ," ಎಂದು ಸಾರಿದಳು. ಸಿಡುಬಿಗೆ ಇದ್ದ ಕಟ್ಟಳೆಯನ್ನು ಮುದುಕಿ ಫ್ಲೂಗೂ ಅಂಟಿಸಿದ್ದಳು. ದೇವಿಯನ್ನು ಯಾರೂ ಕೇಳಿರಲಿಲ್ಲ.

ಒಗ್ಗರಣೆ ಇಲ್ಲದ ಬೇಳೆಯನ್ನು ಹೇಗೋ ನುಂಗಬಹುದು. ಆದರೆ ಮಹಾರುದ್ರಪ್ಪನಿಗೆ ಎದೆಯ ರೋಗವಿತ್ತು. ದಿನದ ಗುಳಿಗೆ ತಪ್ಪಿಸಿದರೆ ಜೀವಕ್ಕೇ ಅಪಾಯ ಎಂದು ಹುಮನಾಬಾದಿನ ಡಾಕ್ಟರು ಗದರಿಯೇ ಹೇಳಿದ್ದರು. ಸೂಗಮ್ಮ ಆ ಗುಳಿಗೆಗಳನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಗಿರಾಕಿಗಳ ಮೇಲೆ ಹುಲಿಯಂತೆ ಎಗರುವ ಮಹಾರುದ್ರಪ್ಪ ಅವ್ವನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ.

ಮೂರನೇ ದಿನ ಅವನ ಕಾಲು ಬಾತವು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಹೆಂಡತಿ ಶಕುಂತಲಾಬಾಯಿ ಅತ್ತೆಗೆ ಕೈಮುಗಿದಳು.

"ಅತ್ತಿ, ದೇವಿ ಬಂದಿದ್ದು ಜ್ವರಕ್ಕರಿ, ಎದಿಗಲ್ಲ. ಗುಳಿಗಿ ಕೊಡ್ರಿ."

"ದೇವಿ ಸಿಟ್ಟಾದ್ರ ನನ್ನ ಮಗನ್ನ ನೀ ತಂದುಕೊಡ್ತೀ ಏನು?"

ಶಕುಂತಲಾಬಾಯಿ ಹಿತ್ತಲಿಗೆ ಹೋದಳು. ಕೂದಲು ಬಿಚ್ಚಿ, ಹಣೆ ತುಂಬ ಕುಂಕುಮ ಬಳಿದುಕೊಂಡು, ಬೇವಿನ ಟೊಂಗೆ ಹಿಡಿದು "ಹೋ" ಎಂದು ಕೂಗುತ್ತ ಒಳಗೆ ನುಗ್ಗಿದಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದರು. ಜ್ವರ ಬಂದವರೂ ಎದ್ದು ಬಂದರು. ಇಂಥ ತಮಾಷೆ ಯಾರು ಬಿಟ್ಟಾರು?

"ಏ ಸೂಗಿ! ಜ್ವರ ನಂದು, ಅವನ ಎದಿ ನಂದಲ್ಲ! ಗುಳಿಗಿ ಯಾಕ ಮುಚ್ಚಿಟ್ಟಿ?"

ಅತ್ತೆಯನ್ನು ಹೆಸರು ಹಿಡಿದು ಕೂಗಿದ ಸುಖಕ್ಕೆ ಇನ್ನೆರಡು ಬೈಗುಳ ಹೆಚ್ಚೇ ಬಂದವು. ಸೂಗಮ್ಮ ಸೆರಗಿನ ಗಂಟು ಬಿಚ್ಚಿ, ಗುಳಿಗೆಗೆ ಅರಿಶಿನ ಹಚ್ಚಿ ಮಗನ ಬಾಯಿಗೆ ಹಾಕಿದಳು. ಆಮೇಲೆ ಸೊಸೆಯ ಮುಂದೆ ಸೆರಗೊಡ್ಡಿದಳು.

"ತಾಯಿ, ನನ್ನ ಮಗ ಉಳೀತಾನೋ ಇಲ್ಲೋ, ಹೇಳು."

ಶಕುಂತಲಾಬಾಯಿ ಗಂಡನತ್ತ ನೋಡಿದಳು. ಅವನು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ. ಅವಳಿಗೆ ದುಃಖ ಉಕ್ಕಿ ಬಂತು. ಟೊಂಗೆ ಕೈಯಿಂದ ಜಾರಿತು. ಮುದುಕಿಯ ಕಾಲ ಮೇಲೆ ಬಿದ್ದು, "ನನಗೇನ್ ಗೊತ್ರಿ ಅತ್ತಿ," ಎಂದು ಸಣ್ಣ ದನಿಯಲ್ಲಿ ಅತ್ತಳು.

ಸೂಗಮ್ಮ ಬಾಗಿಲಲ್ಲಿ ನಿಂತ ಹೆಂಗಸರತ್ತ ಒಮ್ಮೆ ನೋಡಿದಳು. ಆಮೇಲೆ ಬಗ್ಗಿ, ಟೊಂಗೆಯನ್ನು ಸೊಸೆಯ ಕೈಗೆ ತುರುಕಿ, ಕಿವಿಯಲ್ಲಿ ಹೇಳಿದಳು:

"ಏಳವ್ವ, ಮಂದಿ ನೋಡಾಕತ್ತಾರ. ಇನ್ನೊಂದೀಟು ಕುಣಿ. ನಾಳಿನೂ ಗುಳಿಗಿ ಕೊಡಬೇಕಲ್ಲ."