ಸಸಿಗೂ ನನಗೂ ಒಂದೇ ಫಂಗಸ್ಸಂತೆ

ಹಲ್ಲುನೋವಿಗೆ ಮಾತ್ರೆ ನುಂಗಿದರೆ ತುರಿಕೆ ಎಲ್ಲಿ ಶುರುವಾಗುತ್ತದೆ ಎಂದು ಯಾರಾದರೂ ಮೊದಲೇ ಕೇಳಿದ್ದರೆ ನಾಲಿಗೆಯಲ್ಲಿ ಎನ್ನುತ್ತಿದ್ದೆ. ನನಗೆ ಶುರುವಾದದ್ದು ಹೆಂಗಸರು ಹೆಸರು ಹೇಳದ ಜಾಗದಲ್ಲಿ. ಜೊತೆಗೆ ಒಡೆದ ಮೊಸರಿನಂಥ ಬಿಳಿಸೆರಗು. ಗಾಯ ತೊಳೆಯುವ ಔಷಧಿಯನ್ನು ನೀರಿಗೆ ಹಾಕಿ ತೊಳೆದುಕೊಂಡೆ. ಉರಿ ತಡೆಯಲಾರದೆ ಬಚ್ಚಲಲ್ಲೇ ಕುಣಿದೆ. ಮಾರನೆಯ ದಿನ ಮೂಡಿಗೆರೆ ಬಸ್ಸು ಹತ್ತಿದೆ.

ಡಾಕ್ಟರ್ ಸುಪ್ರಿಯಾ ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು: "ಫಂಗಸ್ ಅಷ್ಟೇ ಸರ್ವಮಂಗಳಮ್ಮ. ಹಲ್ಲಿನ ಮಾತ್ರೆ ಒಳ್ಳೇ ಕ್ರಿಮಿನೂ ಕೊಂದಿದೆ, ಅದಕ್ಕೆ ಇದು ಹೆಚ್ಚಾಗಿದೆ. ಕೆಟ್ಟ ಕಾಯಿಲೆ ಅಲ್ಲ. ಈ ಮಾತ್ರೆ ಒಳಗೆ ಇಟ್ಕೊಳ್ಳೋದು, ನುಂಗೋದಲ್ಲ. ಸೋಪು, ಔಷಧಿ ಏನೂ ಹಾಕ್ಬೇಡಿ. ಬರೀ ನೀರಲ್ಲಿ ತೊಳೀರಿ."

ಮನೆಗೆ ಬಂದು ಗಂಡ ಚಂದ್ರಶೇಖರಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಕಾಫಿ ಬೆಳೆಗಾರನ ಎದುರು ಫಂಗಸ್ ಎನ್ನಬಾರದಿತ್ತು.

ಹಿತ್ತಲಲ್ಲಿ ನನ್ನ ಕಾಫಿ ಸಸಿಗಳ ನರ್ಸರಿಯಿದೆ. ಬೀಜ ಹಾಕುವುದರಿಂದ ಮಾರುವವರೆಗೆ ಎಲ್ಲವೂ ನನ್ನ ಕೈಯದೇ. ಬಣಕಲ್ಲಿನ ವೀರೇಂದ್ರ ಮಳೆ ಹಿಡಿಯುವ ಹೊತ್ತಿಗೆ ಸಸಿ ಬೇಕೆಂದು ಮೊದಲೇ ಹೇಳಿಟ್ಟಿದ್ದ. ಅದೇ ವಾರ ಕೆಲವು ಸಸಿಗಳ ಬುಡ ಕೊಳೆಯತೊಡಗಿತ್ತು.

"ಇನ್ಮೇಲೆ ನರ್ಸರಿಗೆ ಕಾಲಿಡ್ಬೇಡ ಮಾರಾಯ್ತಿ" ಎಂದರು ಇವರು.

"ಯಾಕೆ?"

"ಅದಕ್ಕೂ ಫಂಗಸ್, ನಿಂಗೂ ಫಂಗಸ್. ದಿನಾ ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಳೆ ಕೀಳ್ತೀಯ."

"ಸೀರೆ ಉಟ್ಕಂಡೇ ಕೂತ್ಕಳ್ತೀನಿ ರೀ."

"ಎಲೆರೋಗ ಹೆಂಗೆ ಹರಡುತ್ತೆ? ಗಾಳೀಲಿ. ಸೀರೆ ಏನ್ ತಡೆಯುತ್ತೆ?"

ಅತ್ತೆ ಕಲ್ಲಮ್ಮನವರಿಗೆ ಹಬ್ಬ. "ಮುಟ್ಟಾದಾಗ ವೀಳ್ಯದೆಲೆ ಬಳ್ಳಿ ಮುಟ್ಬೇಡ ಅಂದ್ರೆ ನಗ್ತಿದ್ದೆ. ಈಗ ಡಾಕ್ಟ್ರೇ ಹೇಳಿದಾರಲ್ಲ."

ಡಾಕ್ಟರು ಹಾಗೆ ಹೇಳಿಲ್ಲ ಎಂದು ಕಿರುಚಿದೆ. ಯಾರೂ ಕೇಳಲಿಲ್ಲ. ಇವರೇ ಪೈಪು ಹಿಡಿದು ಬೆಳಗ್ಗೆ, ಮಧ್ಯಾಹ್ನ, ಸಂಜೆ ನೀರು ಬಿಟ್ಟರು. ಕಾಫಿ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆದರು. ಉಳಿದದ್ದನ್ನು ನನ್ನ ಚಪ್ಪಲಿಗೂ ಹೊಡೆದರು. ನನ್ನ ತುರಿಕೆ ನಿಂತಿತು, ಸಸಿಗಳ ಕೊಳೆ ಹೆಚ್ಚಿತು. ನಾನು ಬೇಲಿಯಾಚೆ ನಿಂತು ದಿನಾ ಕೊಳೆತ ಸಸಿ ಎಣಿಸಿದೆ. ಹೀಗೇ ಬಿಟ್ಟರೆ ವೀರೇಂದ್ರನಿಗೆ ಸಸಿಯಿಲ್ಲದ ಬರೀ ಮಣ್ಣಿನ ಪ್ಲಾಸ್ಟಿಕ್ ತೊಟ್ಟೆ ಕೊಡಬೇಕಾಗುತ್ತಿತ್ತು.

ಇವರ ತೋಳು ಹಿಡಿದು ಬಸ್ಸಿಗೆ ಹತ್ತಿಸಿದೆ. "ಡಾಕ್ಟರ ಬಾಯಿಂದಲೇ ಕೇಳಿ ಬನ್ನಿ."

ಸುಪ್ರಿಯಾ ಇವರ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಮೇಜಿನ ಡ್ರಾಯರಿನಲ್ಲಿ ಏನೋ ಹುಡುಕಿದರು. ನಕ್ಕರೆಂದು ನನಗೆ ಗೊತ್ತು.

"ಇದು ಮನುಷ್ಯರ ಮೈಲಿರೋ ಫಂಗಸ್. ಕಾಫಿಗೆ ಹತ್ತಲ್ಲ. ನಮ್ಮಪ್ಪನೂ ಪ್ಲಾಂಟರೇ, ಬುಡ ಕೊಳೆತ್ರೆ ಮೊದ್ಲು ನೀರು ನಿಲ್ಲಿಸ್ತಾರೆ. ಇರ್ಲಿ, ನಿಮ್ಗೇನಾದ್ರೂ ತುರಿಕೆ ಇದ್ಯಾ?"

ಇವರು ಫ್ಯಾನ್ ನೋಡಿದರು. "ಸ್ವಲ್ಪ."

"ಯಾವಾಗಿಂದ?"

"ಇವಳು ಮೊದ್ಲು ಇಲ್ಲಿಗೆ ಬಂದಾಗಿಂದ."

ಇವರನ್ನು ಒಳಗೆ ಕರೆದುಕೊಂಡು ಹೋಗಿ ನೋಡಿ ಬಂದ ಸುಪ್ರಿಯಾ ಹಚ್ಚಲು ಮುಲಾಮು ಬರೆದರು, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲು ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ನಾನು ತಗ್ಗಿದ ದನಿಯಲ್ಲಿ ಮಾತಾಡಲಿಲ್ಲ.

"ಹಾಗಾದ್ರೆ ಇಷ್ಟು ದಿನ ನನ್ನ ಸಸಿಗೆ ನೀರು ಬಿಟ್ಟಿದ್ದು ಯಾವ ಫಂಗಸ್ಸು ರೀ?"

"ಮೆತ್ತಗೆ ಮಾರಾಯ್ತಿ, ನಮ್ಮೂರ ಶೇಷಪ್ಪ ನೋಡ್ತಿದಾನೆ."

"ನೋಡ್ಲಿ. ಅವನಿಗೂ ತುರಿಕೆ ಇದ್ರೆ ಮುಲಾಮು ಹೆಸರು ಹೇಳಿ."

ಮನೆಗೆ ಬಂದವಳೇ ಪೈಪು ಕಿತ್ತಿಟ್ಟೆ. ಕೊಳೆತ ಸಸಿಗಳನ್ನು ಆರಿಸಿ ಹೊರಗೆಸೆದೆ, ನೆರಳಿಗೆ ಹಾಕಿದ್ದ ಚಪ್ಪರದ ಸೊಪ್ಪು ಸರಿಸಿ ಗಾಳಿ ಬೆಳಕು ಬಿಟ್ಟೆ. ಮುಕ್ಕಾಲು ಪಾಲು ಸಸಿಗಳು ಇನ್ನೂ ಗಟ್ಟಿಯಾಗಿದ್ದವು. ಇವರು ಜಗುಲಿಯಲ್ಲಿ ಕುಳಿತಿದ್ದರು.

"ನೀನ್ಯಾಕಪ್ಪಾ ಹಿತ್ತಲಿಗೆ ಹೋಗ್ಲಿಲ್ಲ?" ಎಂದು ಕಲ್ಲಮ್ಮನವರು ಮಗನನ್ನು ಕೇಳಿದರು.

ನಾನು ನರ್ಸರಿಯಿಂದಲೇ ಕೂಗಿ, ಇವರ ತುರಿಕೆ, ಮುಲಾಮು ಒಂದೂ ಬಿಡದೆ ಹೇಳಿದೆ. ಕಲ್ಲಮ್ಮನವರು ಎದ್ದು, ಮಗನ ಪಕ್ಕದಲ್ಲಿದ್ದ ತಮ್ಮ ಕುರ್ಚಿಯನ್ನು ಜಗುಲಿಯ ಆ ತುದಿಗೆ ಎಳೆದುಕೊಂಡರು.