ಬ್ರೇಕಿನ ಮೇಲಿನ ಕಾಲು

ಉಚ್ಚೆಂಗಪ್ಪ ಒತ್ತಿದ ಕೂಡಲೇ ಬಸ್ಸಿನ ಬ್ರೇಕಿನ ಪೆಡಲು ತಳದ ಹಲಗೆಗೆ ಹೋಗಿ ಮಲಗಿತು. ನಾಲ್ಕಾರು ಸಲ ತುಳಿದ ಮೇಲೆ ತುಸು ಎದ್ದು, ಮತ್ತೆ ಕುಸಿಯಿತು. ಹಿಂದಿನ ಸೀಟಿನಲ್ಲಿ ಅಂದಾನಪ್ಪ ಮೈತುಂಬ ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ. ವಾಲದಂತೆ ಧೋತರದಿಂದ ಕಟ್ಟಿದ್ದರು. ಬದುಕಿದ್ದಷ್ಟು ದಿನ ಈ ಬಸ್ಸಿನ ಅಡಿಯಲ್ಲೇ ಮಲಗಿ ರಿಪೇರಿ ಮಾಡುತ್ತಿದ್ದ ಮೇಸ್ತ್ರಿಗೆ ಅದರ ಸೀಟು ಸಿಕ್ಕಿದ್ದು ಸತ್ತ ಮೇಲೆ.

"ಪೈಪಿನಾಗ ಗಾಳಿ ಹೊಕ್ಕೈತಿ," ಡ್ರೈವರ್ ಉಚ್ಚೆಂಗಪ್ಪ ಕೆಳಗಿಳಿದ. "ಹಿಂಗಾ ಘಾಟ್ ಇಳದ್ರ ನಾವೂ ಮೇಸ್ತ್ರಿ ಹಿಂದ ಹೋಗೋದ."

"ಹಂಗಾರ ಇಲ್ಲೇ ಹೊಸಪೇಟಿಯಾಗ ಮಣ್ಣು ಮಾಡೂಣು. ಹೊತ್ತು ಮುಣುಗತೈತಿ," ಎಂದರು ಮಠದ ಕೊಟ್ರಯ್ಯ.

ಶವದ ಪಕ್ಕ ಕುಳಿತಿದ್ದ ಅಂದಾನಪ್ಪನ ಹೆಂಡತಿ ಕೊಟ್ರಬಸಮ್ಮ ತಲೆಯೆತ್ತಿದಳು. ಸಿಡುಬಿಗೆ ಹೋದ ಒಬ್ಬಳೇ ಮಗಳನ್ನು ಘಾಟಿನಾಚೆಯ ಬಂಡ್ರಿಯ ಹೊಲದಲ್ಲಿ ಮಣ್ಣು ಮಾಡಿದ್ದರು. ಅಲ್ಲೇ, ಅವಳ ಪಕ್ಕದಲ್ಲೇ ತನ್ನನ್ನೂ ಕೂರಿಸಬೇಕೆಂದು ಗಂಡ ಕೇಳಿದ್ದ. ಜೀವಮಾನದಲ್ಲಿ ಅವನು ಕೇಳಿದ್ದು ಅದೊಂದೇ.

"ಬ್ಯಾಡ್ರಿ ಅಯ್ಯಾರ. ಮಗಳ ಬಾಜೂಕ ಕುಂದ್ರಸಬೇಕು. ಮಾತು ಕೊಟ್ಟೀನಿ."

ಉಚ್ಚೆಂಗಪ್ಪ ಹಿಂದಿನ ಗಾಲಿಯ ಹತ್ತಿರ ಎಣ್ಣೆ ಒಸರುತ್ತಿದ್ದ ಜಾಯಿಂಟನ್ನು ಬಿಗಿ ಮಾಡಿದ. ಕಡಿಮೆಯಾದ ಎಣ್ಣೆ ತುಂಬಿಸಿದ. ಇನ್ನು ಗಾಳಿ ಹೊರಹಾಕಬೇಕು. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ನಟ್ಟು ಸಡಿಲಿಸಿ ಮತ್ತೆ ಮುಚ್ಚಬೇಕು. ಮುಚ್ಚುವ ಮೊದಲೇ ಕಾಲೆತ್ತಿದರೆ ಹೋದ ಗಾಳಿ ವಾಪಸು ಬರುತ್ತದೆ. ಪೆಡಲಿಗೆ ಕೂತ ಕೊಟ್ರಬಸಮ್ಮನ ಮೈದುನ ಗಾದಿಲಿಂಗಪ್ಪ ಹೋರಿಯಂಥ ಆಳು. ಆದರೂ ಪ್ರತಿ ಸಲ ಮೊದಲೇ ಎತ್ತಿಬಿಟ್ಟ.

"ಲೇ, ನಾ ಹೇಳೂತನಕ ತಗೀಬ್ಯಾಡ!"

"ಏನ್ ಮಾಡ್ಲೋ? ಅಣ್ಣ ಹಿಂದ ಕುಂತಾನ. ಕಾಲು ನಡಗಾಕತ್ತೈತಿ."

*

ಯುದ್ಧ ಶುರುವಾಗಿ ಶೆಡ್ಡಿನ ಆಳುಗಳೆಲ್ಲ ಪಲ್ಟನ್ ಸೇರಿದಾಗ ಅಂದಾನಪ್ಪ ಹೆಂಡತಿಯನ್ನೇ ಪೆಡಲಿಗೆ ಕೂರಿಸಿದ್ದ. ನಾಲ್ಕು ಜನರೆದುರು ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೂಗುವುದುಂಟೆ? ಅವನು ನಟ್ಟು ತಿರುಗಿಸುವ ಪಾನಾದಿಂದ ಗಾಲಿಗೆ ಬಡಿಯುತ್ತಿದ್ದ. ಒಂದೇಟಿಗೆ ಒತ್ತಬೇಕು, ಎರಡೇಟಿಗೆ ಬಿಡಬೇಕು.

ಒಮ್ಮೆ ಒಂದೇಟು ಬಡಿದು, ಮಾಲೀಕರು ಕರೆದರೆಂದು ಎದ್ದು ಹೋಗಿಬಿಟ್ಟ. ಬಂದು ನೋಡಿದರೆ ಆಕೆ ಇನ್ನೂ ಒತ್ತಿಕೊಂಡೇ ಕೂತಿದ್ದಳು, ಕಾಲು ಮರಗಟ್ಟಿತ್ತು.

"ನನ್ನ ಕಾಲು ಬಿದ್ದು ಹೋಗ್ಲಿ ಅಂತ ಮಾಡೀರೇನು?"

"ನೀ ಬಿಡಂಗಿಲ್ಲ ಅಂತ ಗೊತ್ತಿತ್ತು," ಎಂದು ನಕ್ಕು, ಸಂಜೆ ತಾನೇ ಬಿಸಿನೀರು ಕಾಯಿಸಿ ಕಾಲಿಗೆ ಹಾಕಿದ್ದ.

*

ಕೊಟ್ರಬಸಮ್ಮ ಶವದ ಪಕ್ಕದಿಂದ ಎದ್ದಳು. "ಯವ್ವಾ, ಹಂಗ ಏಳಬಾರದು," ಎಂದು ಹೆಂಗಸರು ಸೆರಗು ಹಿಡಿದರು. ಆಕೆ ಬಿಡಿಸಿಕೊಂಡು ಮುಂದೆ ಹೋದಳು.

"ಗಾದಿಲಿಂಗಪ್ಪ, ಇಳಿ. ಉಚ್ಚೆಂಗಪ್ಪ, ನೀ ಬಾಯಿ ಮಾಡಬ್ಯಾಡ, ಗಾಲಿಗೆ ಬಡಿ. ಒಂದಕ್ಕ ಒತ್ತತೀನಿ, ಎರಡಕ್ಕ ಬಿಡತೀನಿ."

ಟಣ್. ಒತ್ತಿದಳು. ಟಣ್ ಟಣ್. ಬಿಟ್ಟಳು. "ಗುಳ್ಳಿ ಬರಾಕತ್ಯಾವ," ಎಂದು ಕೆಳಗಿನಿಂದ ಕೇಳಿಸಿತು. ಬಡಿದಷ್ಟೂ ಪೆಡಲು ಗಟ್ಟಿಯಾಗುತ್ತ ಬಂತು. ಕೊನೆಗೊಮ್ಮೆ ಟಣ್ ಎಂದಾಗ ಅದು ಕಾಲಿನಡಿ ಕಲ್ಲಿನಂತೆ ನಿಂತಿತು.

ಉಚ್ಚೆಂಗಪ್ಪ ನಟ್ಟು ಬಿಗಿ ಮಾಡಿ, ಎರಡೇಟು ಬಡಿಯದೆಯೇ ಪಾನಾವನ್ನು ಚೀಲಕ್ಕೆ ಹಾಕಿ, ಕೈ ಒರೆಸಿಕೊಳ್ಳುತ್ತ ಬಂದ. "ಆತು ಯಕ್ಕಾ. ಬಂಡ್ರಿ ಮುಟ್ಟತೀವಿ. ಇಳಿ ಇನ್ನ."

ಆಕೆ ಇಳಿಯಲಿಲ್ಲ. ಕೊಟ್ರಯ್ಯನವರೂ ಕರೆದರು. ಕೊಟ್ರಬಸಮ್ಮ ತಲೆಯನ್ನು ಹಿಂದಿನ ಗಾಲಿಯ ಕಡೆ ವಾಲಿಸಿ, ಕಿವಿಗೊಟ್ಟು, ಪೆಡಲನ್ನು ಒತ್ತಿ ಹಿಡಿದೇ ಕುಳಿತಿದ್ದಳು.