ಕಾಲುಚೀಲದೊಳಗಿನ ಡಿಸ್ಕು

ಕಂಪ್ಯೂಟರಿಗೆ ಚುಚ್ಚಿದ್ದ ಹಾರ್ಡ್ ಡಿಸ್ಕು ಟಕ್ ಟಕ್ ಎನ್ನತೊಡಗಿದಾಗ ಅತ್ತೆ ಊಟ ಮುಗಿಸಿ ಒಳಗೆ ಮಲಗಿದ್ದರು. ಅವರ ಮಗಳು ವೈರನ್ನು ಕಿತ್ತು ಮತ್ತೆ ಚುಚ್ಚಿದಳು. ಕಂಪ್ಯೂಟರು ಡಿಸ್ಕನ್ನು ಗುರುತೇ ಹಿಡಿಯಲಿಲ್ಲ. ಇನ್ನೊಮ್ಮೆ ಚುಚ್ಚಿದರೆ ಟಕ್ ಟಕ್ ಮತ್ತಷ್ಟು ಜೋರಾಯಿತು.

"ಅದರಲ್ಲಿ ಅಮ್ಮನ ದನಿ ಇದೆ ಕಣ್ರೀ," ಎಂದು ಗಂಡನ ಕಡೆ ನೋಡಿದಳು.

ಅತ್ತೆ ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ನಿವೃತ್ತರಾದ ಮೇಲೆ ಮನೆಯನ್ನೇ ನಿಲ್ದಾಣ ಮಾಡಿಕೊಂಡರು. "ಅಳಿಯಂದಿರ ಗಮನಕ್ಕೆ. ಇಂದಿನ ಊಟ ಸ್ವಲ್ಪ ತಡವಾಗಿ ಬರಲಿದೆ. ಆಗುವ ತೊಂದರೆಗೆ ವಿಷಾದಿಸುತ್ತೇವೆ" ಎಂದು ಅಡುಗೆಮನೆಯಿಂದ ಘೋಷಣೆ ಬರುತ್ತಿತ್ತು. ಆ ದನಿಯಲ್ಲಿ ವಿಷಾದದ ಸುಳಿವೂ ಇರುತ್ತಿರಲಿಲ್ಲ. ಹೋದ ವರ್ಷ ಗಂಟಲಿನ ಆಪರೇಷನ್ನಿನಲ್ಲಿ ಡಾಕ್ಟರು ಅವರ ದನಿಪೆಟ್ಟಿಗೆಯನ್ನೇ ತೆಗೆದರು. ಅಂದಿನಿಂದ ಅವರ ಮಾತೆಲ್ಲ ಸ್ಲೇಟಿನ ಮೇಲೆ. ಬರೆದದ್ದನ್ನು ಓದಿ ಹೇಳುವ ಫೋನೊಂದನ್ನು ಅಳಿಯ ತಂದುಕೊಟ್ಟಿದ್ದ. ಒಂದು ದಿನ ಕೇಳಿ, "ಇವಳ್ಯಾರೋ ನೆಗಡಿಯವಳು, ನನ್ನ ಪರವಾಗಿ ಮಾತಾಡೋದು ಬೇಡ" ಎಂದು ಸ್ಲೇಟಿನಲ್ಲಿ ಬರೆದು ಫೋನನ್ನು ಪಕ್ಕಕ್ಕಿಟ್ಟರು.

ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಈಚೆಗೆ ಒಂದು ದಾರಿ ಹೇಳಿದ್ದಳು. ಹಳೆಯ ಧ್ವನಿಮುದ್ರಣ ಧಾರಾಳವಾಗಿದ್ದರೆ ಆ ಫೋನು ಅತ್ತೆಯ ಸ್ವಂತ ದನಿಯಲ್ಲೇ ಮಾತಾಡುವಂತೆ ಮಾಡಬಹುದಂತೆ. ಮುದ್ರಣಕ್ಕೇನೂ ಬರವಿರಲಿಲ್ಲ. ಇನ್ನೂ ಹುಟ್ಟದ ಮೊಮ್ಮಕ್ಕಳಿಗೆಂದು ಅತ್ತೆ ರಾಶಿ ಕಥೆಗಳನ್ನು ಓದಿ ತುಂಬಿಸಿಟ್ಟಿದ್ದರು. ತುಂಬಿಸಿಟ್ಟದ್ದು ಈಗ ಟಕ್ ಟಕ್ ಎನ್ನುತ್ತಿದ್ದ ಈ ಡಿಸ್ಕಿನಲ್ಲಿ.

"ಅಮ್ಮನಿಗೆ ಸದ್ಯಕ್ಕೆ ಹೇಳೋದು ಬೇಡ, ಎದೆ ಒಡೆದುಕೊಳ್ತಾರೆ. ನಾಳೆ ಯಾರಾದ್ರೂ ತಿಳಿದವರ ಹತ್ರ ತೋರಿಸೋಣ. ನೀವು ಮಾತ್ರ ಮುಟ್ಟಬೇಡಿ," ಎಂದು ಹೇಳಿ ಹೆಂಡತಿ ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಳು. ಬಾಗಿಲ ಹೊರಗಿನಿಂದ ಇನ್ನೊಮ್ಮೆ ಹೇಳಿದಳು, "ಮುಟ್ಟಬೇಡಿ."

ಮುಟ್ಟದೆ ಇರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವನು ಲಿಫ್ಟ್ ಮೆಕ್ಯಾನಿಕ್. ಅವನ ಕಸುಬಿನಲ್ಲಿ ಒಂದು ರೂಢಿಯುಂಟು: ಜೋಡಿ ಲಿಫ್ಟುಗಳಿರುವ ಕಟ್ಟಡದಲ್ಲಿ ಎರಡೂ ಕೆಟ್ಟರೆ, ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕು, ಜನರನ್ನು ಮೇಲಕ್ಕೆ ಕಳಿಸು, ಮಿಕ್ಕದ್ದು ಆಮೇಲೆ. ಮನೆಯ ಗಡಿಯಾರಗಳನ್ನೂ ಟಾರ್ಚುಗಳನ್ನೂ ಅವನು ಹೀಗೆಯೇ ರಿಪೇರಿ ಮಾಡಿದ್ದ. ಅದರ ಫಲವಾಗಿ ಮನೆಯಲ್ಲಿ ಎಲ್ಲವೂ ಅರ್ಧ ಇದ್ದವು.

ಇಂಟರ್ನೆಟ್ಟಿನಲ್ಲಿ ಯಾವನೋ ಮಹಾರಾಯ ಅದನ್ನೇ ಹೇಳಿದ. ಡಿಸ್ಕಿನ ತಳದಲ್ಲಿರುವ ಹಸಿರು ಬೋರ್ಡು ಕೆಟ್ಟಿರಬಹುದು, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡು ಹಾಕಿ ನೋಡಿ. ಮೆಕ್ಯಾನಿಕ್‌ಗೆ ತನ್ನ ಅಣ್ಣನೇ ಸಿಕ್ಕಿದಷ್ಟು ಖುಷಿಯಾಯಿತು. ಅಂಥದ್ದೇ ಎರಡು ಡಿಸ್ಕುಗಳನ್ನು ಒಟ್ಟಿಗೆ ಕೊಂಡಿದ್ದೂ, ತನ್ನ ಪಾಲಿನದನ್ನು ಎಲ್ಲೋ ಇಟ್ಟು ಮರೆತಿದ್ದೂ ನೆನಪಿಗೆ ಬಂತು. ಮನೆಯನ್ನೆಲ್ಲ ಜಾಲಾಡಿದ. ಕೊನೆಗೆ ಹೊಲಿಗೆ ಯಂತ್ರದ ಖಾನೆಯಲ್ಲಿ, ದಾರದ ಉಂಡೆಗಳ ಅಡಿಯಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಅದು ಬೆಚ್ಚಗೆ ಮಲಗಿತ್ತು. ಖಾಲಿ ಡಿಸ್ಕಿಗೆ ಕಾಲುಚೀಲ ತೊಡಿಸುವವರು ಯಾರು ಎಂದು ಒಂದು ಗಳಿಗೆ ಯೋಚಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಅವನು ಯೋಚಿಸಲಿಲ್ಲ. ಸಿಕ್ಕಿದ ಡಿಸ್ಕಿನ ಬೋರ್ಡು ಬಿಚ್ಚಿ, ಕೆಟ್ಟದ್ದಕ್ಕೆ ಹಾಕಿ, ಸ್ಕ್ರೂಗಳನ್ನು ಬಿಗಿಯುವ ಮೊದಲೇ ಆತುರದಲ್ಲಿ ವೈರು ಚುಚ್ಚಿದ. ಒಂದು ಸ್ಕ್ರೂ ಉರುಳಿ ಬೋರ್ಡಿನ ಮೇಲೆ ಬಿತ್ತು. ಚಿಟ್ ಎಂದಿತು. ಸುಟ್ಟ ವಾಸನೆ ಕೋಣೆಯನ್ನೆಲ್ಲ ತುಂಬಿತು.

ವಾಸನೆಗೆ ಎಚ್ಚರವಾಗಿ ಅತ್ತೆ ಬಂದರು. ಮೇಜಿನ ಮೇಲೆ ಬಿಚ್ಚಿ ಹರಡಿದ್ದ ಎರಡು ಡಿಸ್ಕುಗಳನ್ನೂ ಖಾಲಿ ಕಾಲುಚೀಲವನ್ನೂ ನೋಡಿದರು. ನಿಧಾನವಾಗಿ ಸ್ಲೇಟು ಎತ್ತಿಕೊಂಡರು.

"ಅದು ಖಾಲಿ ಅಲ್ಲ, ನನ್ನ ಕಥೆಗಳ ಇನ್ನೊಂದು ಪ್ರತಿ ಅದರಲ್ಲಿ ತುಂಬಿಸಿದ್ದೆ. ನಿಮ್ಮ ಕೈಗೆ ಸಿಗದೆ ಇರಲಿ ಅಂತ ಅಲ್ಲಿಟ್ಟಿದ್ದೆ."

ಒಂದು ಹೋದರೆ ಇನ್ನೊಂದಿರಲಿ ಎಂದು ಅವರು ಇಟ್ಟ ಆ ಇನ್ನೊಂದನ್ನು ಅವನು ತನ್ನ ಕೈಯಾರೆ ಕೆಡಿಸಿದ್ದ. ಊಟಕ್ಕೆ ಕುಳಿತಾಗಲೆಲ್ಲ ಅಡುಗೆಮನೆಯ ಕಡೆಗೆ ಕಿವಿ ಹೋಗುತ್ತಿದ್ದದ್ದೂ, ಅಲ್ಲಿಂದ ಏನೂ ಕೇಳದೆ ಅನ್ನ ಸಪ್ಪೆಯಾಗುತ್ತಿದ್ದದ್ದೂ ಅವನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುವ ಮುಖವೂ ಉಳಿಯಲಿಲ್ಲ.

"ತಪ್ಪಾಯ್ತು ಅತ್ತೆ. ನಿಮ್ಮ ಮಗಳು ಬೇಡ ಅಂದಿದ್ಳು," ಎಂದ.

ಅತ್ತೆ ಅಳಲಿಲ್ಲ. "ಈಗ ಯಾವುದು ಸರಿ ಇದೆ, ಯಾವುದು ಕೆಟ್ಟಿದೆ, ಒಂದೊಂದಾಗಿ ಹೇಳಿ" ಎಂದು ಬರೆದರು. ಹಳಿ ತಪ್ಪಿದ ರೈಲಿನ ಸುದ್ದಿಯನ್ನೂ ಕೆಮ್ಮದೆ ಹೇಳಿದವರು ಅವರು.

ಹೇಳುತ್ತಾ ಹೋದಂತೆ ಅವನಿಗೇ ಬೆಳಕಾಯಿತು. ಮೊದಲನೆಯದರ ರೋಗ ಬೋರ್ಡಿನಲ್ಲಿರಲಿಲ್ಲ. ಟಕ್ ಟಕ್ ಬರುತ್ತಿದ್ದದ್ದು ಒಳಗಿನಿಂದ. ಹಾಗಾದರೆ ಅದರ ಬೋರ್ಡು ಚೆನ್ನಾಗಿದೆ. ಎರಡನೆಯದರ ಒಳಗು ಚೆನ್ನಾಗಿದೆ, ಸುಟ್ಟದ್ದು ಬೋರ್ಡು ಮಾತ್ರ. ಮೊದಲನೆಯದರ ಬೋರ್ಡನ್ನು ಎರಡನೆಯದಕ್ಕೆ ಹಾಕಬೇಕು. ಆದರೆ ಪ್ರತಿ ಡಿಸ್ಕಿಗೂ ಅದರದೇ ಗುರುತು ತುಂಬಿದ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಸುಟ್ಟ ಬೋರ್ಡಿನಿಂದ ಅದನ್ನು ಬಿಡಿಸಿ, ಒಳ್ಳೆಯ ಬೋರ್ಡಿಗೆ ಬೆಸೆಯಬೇಕು. ಅದು ಬೆಂದುಹೋದರೆ ಕಥೆಗಳೂ ಹೋದವು.

ಅಷ್ಟರಲ್ಲಿ ಹೆಂಡತಿ ಬಂದಳು. ಮೇಜು ನೋಡಿ ಚೀಲವನ್ನು ನೆಲಕ್ಕೆ ಬಿಟ್ಟಳು.

"ಎರಡನ್ನೂ?"

"ಎರಡನ್ನೂ," ಎಂದು ತಲೆ ತಗ್ಗಿಸಿದ.

"ಇನ್ನು ಇವರು ಬೆರಳು ಕೂಡ ತಾಗಿಸಬಾರದಮ್ಮ."

ಅತ್ತೆ ಬರೆದು ಮಗಳಿಗೆ ತೋರಿಸಿದರು. "ಲಿಫ್ಟಿನ ಬೋರ್ಡು ದಿನಾ ಬೆಸೆಯೋ ಕೈ. ಕೈಗೇನೂ ಆಗಿಲ್ಲ, ಆತುರ ಜಾಸ್ತಿ. ಕೈ ಅವರದು ಇರಲಿ, ಬುದ್ಧಿ ನಂದು." ಒರೆಸಿ ಅಳಿಯನಿಗೆ ಬರೆದರು. "ಒಂದು ಷರತ್ತು. ಏನು ಮಾಡೋ ಮುಂಚೆಯೂ ಘೋಷಣೆ ಮಾಡಬೇಕು. ನಾನು ತಲೆ ಆಡಿಸಿದ ಮೇಲೆ ಕೈ ಹಾಕಬೇಕು."

ಹೀಗೆ ಕೆಲಸ ಶುರುವಾಯಿತು. ಹೆಂಡತಿ ಟಾರ್ಚು ಹಿಡಿದಳು. ಅತ್ತೆ ಎದುರಿಗೆ ಸ್ಲೇಟು ಹಿಡಿದು ಕುಳಿತರು.

"ಅತ್ತೆಯವರ ಗಮನಕ್ಕೆ. ವೈರು ಕಿತ್ತಿದೀನಿ. ಈಗ ಬೋರ್ಡು ಬಿಚ್ತೀನಿ."

ನಿಲ್ಲಿ ಎಂಬಂತೆ ಸ್ಲೇಟು ಟಪ್ ಎಂದಿತು. ಸ್ಕ್ರೂಗಳನ್ನು ಹಾಕಲು ತಟ್ಟೆ ಎಲ್ಲಿ ಎಂದು ಅತ್ತೆಯ ಬೆರಳು ಕೇಳಿತು. ತಟ್ಟೆ ಬಂತು.

"ಅತ್ತೆಯವರ ಗಮನಕ್ಕೆ. ಚಿಪ್ಪಿನ ಕಾಲಿಗೆ ಶಾಖ ಕೊಡ್ತೀನಿ."

ಮತ್ತೆ ಟಪ್. "ಆತುರ ಬೇಡ. ಮೊದಲು ನೀರು ಕುಡೀರಿ."

ಮಾಡುವ ಮೊದಲು ಬಾಯಿಬಿಟ್ಟು ಹೇಳಬೇಕೆಂದರೆ ಮಾಡಬಾರದ ಕೆಲಸಗಳು ಬಾಯಿಯಲ್ಲೇ ನಿಂತುಬಿಡುತ್ತವೆ ಎಂಬುದು ಅವನಿಗೆ ಆವತ್ತು ತಿಳಿಯಿತು. ಇಷ್ಟು ವರ್ಷ ಇದೊಂದು ಗೊತ್ತಿದ್ದಿದ್ದರೆ ಮನೆಯ ಗಡಿಯಾರಗಳು ಇಂದಿಗೂ ಓಡುತ್ತಿದ್ದವು. ಚಿಪ್ ಬಿಟ್ಟುಕೊಂಡಿತು. ಹೊಸ ಜಾಗದಲ್ಲಿ ಕುಳಿತಿತು. ಒಂದೊಂದು ಸ್ಕ್ರೂವನ್ನೂ ಅವನು ಎಣಿಸಿ ಬಿಗಿದ.

"ಅತ್ತೆಯವರ ಗಮನಕ್ಕೆ..." ಎಂದು ವೈರನ್ನು ಎತ್ತಿ ತೋರಿಸಿದ. ಅತ್ತೆ ತಲೆ ಆಡಿಸಿದರು. ವೈರು ಚುಚ್ಚಿದ.

ಡಿಸ್ಕು ತಿರುಗಿತು. ಟಕ್ ಟಕ್ ಇರಲಿಲ್ಲ. ಪರದೆಯ ಮೇಲೆ ಕಥೆಗಳ ಸಾಲು ಮೂಡಿತು. ಹೆಂಡತಿ ಮೊದಲನೆಯದನ್ನು ಒತ್ತಿದಳು. "ಒಂದಾನೊಂದು ಕಾಡಿನಲ್ಲಿ ಒಂದು ಸೋಮಾರಿ ಕರಡಿ ಇತ್ತು" ಎಂದು ತುಂಬಿದ ದನಿಯೊಂದು ಕೋಣೆಗೆ ಬಂತು. ಅತ್ತೆ ಕೈಯನ್ನು ಗಂಟಲಿನ ಮೇಲಿಟ್ಟುಕೊಂಡು ಕೇಳಿದರು. ಕರಡಿಯ ಕಥೆ ಕೊನೆಯವರೆಗೂ ಓಡಿತು. ಆಮೇಲೆ ಹೆಂಡತಿ ಆ ರಾಶಿಯ ಎರಡು ಪ್ರತಿ ಮಾಡಿ, ಎಲ್ಲಿಟ್ಟಳೆಂದು ಗಂಡನಿಗೆ ಹೇಳಲಿಲ್ಲ.

ಕೆಲವು ವಾರಗಳ ನಂತರ ಫೋನು ಆಸ್ಪತ್ರೆಯಿಂದ ಸಿದ್ಧವಾಗಿ ಬಂತು. ಮೊದಲ ಮಾತು ತನ್ನ ಹೆಸರಿಗೇ ಇರುತ್ತದೆಂದು ಮಗಳು ಅಮ್ಮನ ಪಕ್ಕದಲ್ಲಿ ಕಾದು ಕುಳಿತಳು. ಅಳಿಯ ದೂರದ ಮೂಲೆಯಲ್ಲಿ, ಗರಗರ ಎನ್ನುವ ಟೇಬಲ್ ಫ್ಯಾನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅತ್ತೆ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಬರೆದು, ಗುಂಡಿ ಒತ್ತಿದರು.

"ಅಳಿಯಂದಿರ ಗಮನಕ್ಕೆ. ಕೈಯಲ್ಲಿರುವ ಸ್ಕ್ರೂಡ್ರೈವರನ್ನು ದಯವಿಟ್ಟು ಕೆಳಗಿಡತಕ್ಕದ್ದು. ಆಗುವ ತೊಂದರೆಗೆ ವಿಷಾದಿಸುತ್ತೇವೆ."

ಅವನು ಕೆಳಗಿಟ್ಟ. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಹೇಳಿಸಿ ಎಂದು ಕೇಳಿದ. ಅತ್ತೆ ಮತ್ತೆ ಒತ್ತಿದರು. ಎರಡನೆಯ ಸಲವೂ ಆ ದನಿಯಲ್ಲಿ ವಿಷಾದದ ಸುಳಿವೂ ಇರಲಿಲ್ಲ.